ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಮನೆಯಲ್ಲೇ ಬದಲಾಯಿಸಬಹುದೇ? ನಿಜಾಂಶ ಇಲ್ಲಿದೆ

‘ಒಂದು ಜಾಕ್, ಎರಡು ಪಾನಾ ಇದ್ದರೆ ಸಾಕು, ಗ್ಯಾರೇಜಿಗೆ ದುಡ್ಡು ಸುರಿಯಬೇಡಿ’ ಎನ್ನುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಈ ಕೆಲಸದಲ್ಲಿ ತಪ್ಪಾದರೆ ಹೋಗುವುದು ದುಡ್ಡಲ್ಲ, ಜೀವ.

ಲೀಫ್ ಸ್ಪ್ರಿಂಗ್ ಎಂದರೇನು?

ಲಾರಿ, ಪಿಕಪ್‌ಗಳ ಆಕ್ಸಲ್ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ನಡುವೆ ಒಂದು ಸೆಂಟರ್ ಬೋಲ್ಟ್ ಇವನ್ನು ಒಟ್ಟಿಗೆ ಹಿಡಿದಿರುತ್ತದೆ. ಇಡೀ ಕಟ್ಟನ್ನು ಯು-ಬೋಲ್ಟ್‌ಗಳು ಆಕ್ಸಲ್‌ಗೆ ಬಿಗಿದಿರುತ್ತವೆ. ಇದರ ಕೆಲಸ ಕುಲುಕಾಟ ತಡೆಯುವುದಷ್ಟೇ ಅಲ್ಲ. ಆಕ್ಸಲ್ ತನ್ನ ಜಾಗ ಬಿಟ್ಟು ಸರಿಯದಂತೆ ಹಿಡಿಯುವುದೂ ಇದೇ. ಹಾಗಾಗಿಯೇ ಸೆಂಟರ್ ಬೋಲ್ಟ್ ತುಂಡಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹೇಳಿಕೆ 1: ಜಾಕ್ ಒಂದಿದ್ದರೆ ಸಾಕು

ತಪ್ಪು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಅದರ ಸೀಲ್ ಸೋರಿದರೆ ಅಥವಾ ನೆಲ ಕುಸಿದರೆ ಗಾಡಿ ಕ್ಷಣದಲ್ಲಿ ಕೆಳಗೆ ಬರುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳೂ ಸೂಚನೆ ಕೊಡದೆ ಒಡೆಯುತ್ತವೆ. ಯು-ಬೋಲ್ಟ್ ಬಿಚ್ಚಿದ ಮೇಲೆ ಚಾಸಿಗೂ ಆಕ್ಸಲ್‌ಗೂ ಇರುವ ಬಂಧ ತಪ್ಪುವುದರಿಂದ ಎರಡಕ್ಕೂ ಬೇರೆ ಬೇರೆ ಆಧಾರ ಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಕಟ್ಟಿನಲ್ಲಿ ಗಿಡ್ಡ ಪಟ್ಟಿಗಳು ಉದ್ದ ಪಟ್ಟಿಗಳಿಗಿಂತ ಹೆಚ್ಚು ಬಾಗಿರುತ್ತವೆ. ಅವನ್ನು ಒತ್ತಿ ಹಿಡಿದಿರುವುದು ಸೆಂಟರ್ ಬೋಲ್ಟ್. ಕ್ಲ್ಯಾಂಪ್ ಹಾಕದೆ ಅದನ್ನು ಬಿಚ್ಚಿದರೆ ಪಟ್ಟಿಗಳು ಸಿಡಿದು ಕೈಗೋ ಮುಖಕ್ಕೋ ಬಡಿಯಬಹುದು.

ಹೇಳಿಕೆ 2: ತುಂಡಾದ ಪಟ್ಟಿಗೆ ವೆಲ್ಡಿಂಗ್ ಮಾಡಿದರೆ ಸಾಕು

ತಪ್ಪು. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ತಣಿಸಿ, ಹದ ಮಾಡಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಆ ಹದ ಕೆಟ್ಟು, ಬೆಸುಗೆಯ ಪಕ್ಕದ ಉಕ್ಕು ಪೆಡಸಾಗುತ್ತದೆ. ತುಂಬಿದ ಗಾಡಿ ಗುಂಡಿಗೆ ಇಳಿದಾಗ ಅದು ಅಲ್ಲೇ ಮತ್ತೆ ಮುರಿಯುತ್ತದೆ.

ಹೇಳಿಕೆ 3: ಒಂದು ಪಟ್ಟಿ ಹೆಚ್ಚು ಹಾಕಿದರೆ ಹೆಚ್ಚು ಲೋಡ್ ಹಾಕಬಹುದು

ತಪ್ಪು. ಸ್ಪ್ರಿಂಗ್ ಗಟ್ಟಿಯಾಗುತ್ತದೆ ನಿಜ. ಆದರೆ ಬ್ರೇಕ್, ಟೈರ್, ಆಕ್ಸಲ್, ಚಾಸಿಗಳ ಶಕ್ತಿ ಹೆಚ್ಚುವುದಿಲ್ಲ. ಗಾಡಿ ಕುಗ್ಗದಿರುವುದನ್ನು ನೋಡಿ ಚಾಲಕ ಮೋಸಹೋಗುತ್ತಾನೆ, ಬ್ರೇಕ್ ಮೋಸಹೋಗುವುದಿಲ್ಲ. ಆರ್‌ಸಿಯಲ್ಲಿ ನಮೂದಾದ ತೂಕವೂ ಬದಲಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿಮೀರಿದ ಲೋಡ್‌ಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ.

ಹಾಗಾದರೆ ಮನೆಯಲ್ಲಿ ಮಾಡಲೇಬಾರದೇ?

ಸಣ್ಣ ಸರಕು ವಾಹನವಾದರೆ, ಕೆಲಸ ಗೊತ್ತಿರುವವರು ಸರಿಯಾದ ಸಲಕರಣೆಯೊಂದಿಗೆ ಮಾಡಬಹುದು. ಕ್ರಮ ಹೀಗಿರಲಿ:

• ಗಾಡಿ ಖಾಲಿ ಇರಲಿ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ. ನೆಲದ ಮೇಲೇ ಇರುವ ಚಕ್ರಗಳಿಗೆ ಹಿಂದೆ-ಮುಂದೆ ಅಡ್ಡಗಟ್ಟೆ ಕೊಡಿ.
• ಚಾಸಿಯ ಎರಡೂ ಬದಿಗೆ ತೂಕಕ್ಕೆ ತಕ್ಕ ಸ್ಟ್ಯಾಂಡ್ ಇಡಿ. ಆಕ್ಸಲ್ ಕೆಳಗೆ ಬೇರೆ ಜಾಕ್ ಇರಲಿ.
• ಪಟ್ಟಿಯ ಕಟ್ಟು ಭಾರ. ಇಳಿಸಲು ಇಬ್ಬರು ಬೇಕು.
• ಒಂದು ಬದಿ ಮಾತ್ರ ಬದಲಿಸಿದರೆ ಗಾಡಿ ವಾಲಬಹುದು. ಒಂದೇ ಆಕ್ಸಲ್‌ನ ಎರಡೂ ಬದಿ ಬದಲಿಸಿ.
• ಹೊಸ ಕಟ್ಟಿನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂರಬೇಕು.
• ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ. ಒಮ್ಮೆ ಬಿಗಿದಾಗಲೇ ಅವು ಹಿಗ್ಗಿರುತ್ತವೆ. ಹೊಸದನ್ನು ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ರೆಂಚ್‌ನಿಂದ ಸ್ವಲ್ಪಸ್ವಲ್ಪವಾಗಿ, ಎದುರುಬದುರಾಗಿ ಬಿಗಿಯಿರಿ.
• ರಬ್ಬರ್ ಬುಷ್ ಇದ್ದರೆ ಅದರ ಬೋಲ್ಟ್‌ಗಳ ಕೊನೆಯ ಬಿಗಿತ ಚಕ್ರ ನೆಲಕ್ಕೆ ಮುಟ್ಟಿದ ಮೇಲೆ.
• ಸ್ವಲ್ಪ ದೂರ ಓಡಿಸಿದ ಮೇಲೆ ಪಟ್ಟಿಗಳು ಕೂರುತ್ತವೆ. ಆಗ ಯು-ಬೋಲ್ಟ್ ಮತ್ತೆ ಬಿಗಿಯಿರಿ.

ಕೊನೆಯ ಮಾತು

ಇವುಗಳಲ್ಲಿ ಒಂದು ಸಲಕರಣೆ ಇಲ್ಲದಿದ್ದರೂ ಕೆಲಸ ಗ್ಯಾರೇಜಿನದೇ. ದೊಡ್ಡ ಲಾರಿಯಂತೂ ಮನೆಯಂಗಳದ ಕೆಲಸವಲ್ಲ. ಜಾಕ್ ಮಾತ್ರ ನಂಬಿ ಗಾಡಿಯ ಕೆಳಗೆ ಮಲಗುವ ವಿಡಿಯೋ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.