ಎಣ್ಣೆಗೆ ಸಾಕ್ಷಿ ಯಾರು?

1960ರಲ್ಲಿ ಮೊರಾಕ್ಕೊ ಸರಕಾರವು ಕೆಲವು ಅಂಚೆಚೀಟಿಗಳ ಮೇಲೆ ಹೆಚ್ಚುವರಿ ದರ ಮುದ್ರಿಸಿ ಮಾರಿತು. ಹಾಗೆ ಸಂಗ್ರಹವಾದ ಹಣ ಅಡುಗೆ ಎಣ್ಣೆ ತಿಂದು ಕೈಕಾಲಿನ ಸ್ವಾಧೀನ ಕಳೆದುಕೊಂಡವರ ಕುಟುಂಬಗಳಿಗೆ ಮೀಸಲು. ಅಡುಗೆ ಎಣ್ಣೆಯ ಸಂತ್ರಸ್ತರಿಗಾಗಿ ಒಂದು ದೇಶ ಅಂಚೆಚೀಟಿ ಮಾರಬೇಕಾಗಿ ಬಂದ ಈ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

1959ರ ಸೆಪ್ಟೆಂಬರ್ ಹೊತ್ತಿಗೆ ಮೆಕ್ನೆಸ್ ನಗರದ ಬಡ ಬಡಾವಣೆಗಳಲ್ಲಿ ಜನರಿಗೆ ಮೀನಖಂಡ ನೋಯತೊಡಗಿತು. ಕೆಲವೇ ದಿನಗಳಲ್ಲಿ ಪಾದಗಳು ಜೋತುಬಿದ್ದವು. ಅನೇಕರ ಕೈಗಳೂ ಸೋತವು. ಮೊದಲು ಇದು ಅಂಟುರೋಗವಿರಬೇಕೆಂಬ ಭಯ ಹಬ್ಬಿತು. ಆದರೆ ರೋಗ ಬಡವರ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಆಕ್ಸ್‌ಫರ್ಡ್‌ನಿಂದ ಬಂದ ಹಾನರ್ ಸ್ಮಿತ್ ಮತ್ತು ಜಾನ್ ಸ್ಪಾಲ್ಡಿಂಗ್ ಎಂಬ ವೈದ್ಯರು ಮನೆಮನೆಯ ಊಟ ವಿಚಾರಿಸಿದಾಗ ಸಿಕ್ಕಿದ್ದು ಅಗ್ಗದ, ಕಪ್ಪು ಬಣ್ಣದ ಒಂದು ಎಣ್ಣೆ. ಅಮೆರಿಕದ ವಾಯುನೆಲೆಯಿಂದ ಹರಾಜಿನಲ್ಲಿ ಹೊರಬಿದ್ದ ಜೆಟ್ ಎಂಜಿನ್ನಿನ ಕೀಲೆಣ್ಣೆಯನ್ನು ವ್ಯಾಪಾರಿಗಳು ಅಡುಗೆ ಎಣ್ಣೆಗೆ ಬೆರೆಸಿದ್ದರು. ಆ ಕೀಲೆಣ್ಣೆಯಲ್ಲಿ ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್ ಎಂಬ ನರಗಳನ್ನು ಕೊಲ್ಲುವ ವಸ್ತುವಿತ್ತು. ಸುಮಾರು 10,000 ಜನ ಈ ವಿಷಕ್ಕೆ ತುತ್ತಾದರು.

ಎಣ್ಣೆಯೊಳಗೆ ಏನಿದೆ ಎಂದು ಅಳೆಯುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲವೇ? ಹುಟ್ಟಿ ಬಹಳ ಕಾಲವಾಗಿತ್ತು. ಕೊಬ್ಬು ಎಂದರೆ ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳ ಸಂಯೋಗ ಎಂದು ಫ್ರಾನ್ಸಿನ ಶೆವ್ರೂಲ್ 1823ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. 1869ರಲ್ಲಿ ಮಾರ್ಗರಿನ್ ಎಂಬ ಕೃತಕ ಬೆಣ್ಣೆ ಬಂದ ಮೇಲೆ ಯುರೋಪಿನ ಸಂತೆಗಳಲ್ಲಿ ನಿಜವಾದ ಬೆಣ್ಣೆ ಯಾವುದು ಎಂಬ ಜಗಳ ಶುರುವಾಯಿತು. ಆ ಜಗಳವೇ ರಸಾಯನಶಾಸ್ತ್ರಜ್ಞರ ಕೈಗೆ ಅಳತೆಗೋಲು ಕೊಟ್ಟಿತು. 1879ರಲ್ಲಿ ಕೋಟ್‌ಸ್ಟಾರ್ಫರ್ ಎಂಬವರು ಒಂದು ಗ್ರಾಂ ಕೊಬ್ಬು ಸಾಬೂನಾಗಲು ಎಷ್ಟು ಮಿಲಿಗ್ರಾಂ ಕ್ಷಾರ ಬೇಕೆಂದು ಲೆಕ್ಕ ಹಾಕಿದರು. 1884ರಲ್ಲಿ ಹ್ಯೂಬ್ಲ್ ಎಂಬವರು 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂದು ಅಳೆದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಸಾಬೂನು ಸಂಖ್ಯೆ, ಅಯೋಡಿನ್ ಸಂಖ್ಯೆ ಎಂಬ ಮಾತು ಬಳಕೆಯಲ್ಲಿದೆ.

ನಮ್ಮ ಅಡುಗೆಮನೆಯ ಎಣ್ಣೆಗಳಿಗೇ ಇದನ್ನು ಹೊಂದಿಸಿ ನೋಡೋಣ. ಕೊಬ್ಬರಿ ಎಣ್ಣೆಯ ಅಯೋಡಿನ್ ಸಂಖ್ಯೆ 10ರ ಆಸುಪಾಸು. ಕಡಲೆಕಾಯಿ ಎಣ್ಣೆಯದ್ದು 90ರ ಹತ್ತಿರ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯದ್ದು 140ರ ಸುತ್ತಮುತ್ತ. ಕೊಬ್ಬರಿ ಎಣ್ಣೆಗೆ ಬೇರೇನಾದರೂ ಬೆರೆಸಿದರೆ ಸಂಖ್ಯೆ ಏರಿ ಗುಟ್ಟು ಬಯಲಾಗುತ್ತದೆ. ಖನಿಜ ತೈಲವಂತೂ ಕ್ಷಾರದಲ್ಲಿ ಎಷ್ಟು ಕುದಿಸಿದರೂ ಸಾಬೂನಾಗುವುದಿಲ್ಲ. ಮೆಕ್ನೆಸ್‌ನ ಡಬ್ಬಿಗಳು ಅಂಗಡಿ ಸೇರುವ ಮೊದಲು ಯಾರಾದರೂ ಈ ಹಳೆಯ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ವಿದ್ಯೆ ಇತ್ತು, ಅದು ಬಡವರ ಬಜಾರಿಗೆ ಬಂದಿರಲಿಲ್ಲ.

ಆದರೆ ಪರೀಕ್ಷೆ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ನೆಮ್ಮದಿಯಿಂದ ಕೂರುವಂತಿಲ್ಲ. ಪರೀಕ್ಷೆ ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಮೋಸಗಾರನೂ ಆ ಪ್ರಶ್ನೆಯನ್ನು ಓದಿಕೊಂಡಿರುತ್ತಾನೆ. ಕಡಿಮೆ ಸಂಖ್ಯೆಯ ಒಂದು ಎಣ್ಣೆ, ಹೆಚ್ಚು ಸಂಖ್ಯೆಯ ಇನ್ನೊಂದು ಎಣ್ಣೆ ಬೆರೆಸಿ ನಡುವಿನ ಸಂಖ್ಯೆಗೆ ತಂದು ನಿಲ್ಲಿಸುವುದು ಬಲ್ಲವನಿಗೆ ಕಷ್ಟವಲ್ಲ.

ಮೆಕ್ನೆಸ್‌ನ ವಿಷವೇ ಅದಕ್ಕೂ 29 ವರ್ಷ ಮೊದಲು ಅಮೆರಿಕದಲ್ಲಿ ಇಂಥದೇ ಪಾಠ ಕಲಿಸಿತ್ತು. ಅಲ್ಲಿ ಮದ್ಯ ನಿಷೇಧವಿದ್ದ ಕಾಲ. ಶುಂಠಿಯ ಸಾರವನ್ನು ಔಷಧಿಯ ಹೆಸರಿನಲ್ಲಿ ಮಾರಬಹುದಿತ್ತು, ಅದರಲ್ಲಿ ಮದ್ಯಸಾರ ತುಂಬಿರುತ್ತಿತ್ತು. ಜನ ಕುಡಿಯಬಾರದೆಂದು ಸರಕಾರ ಅದರಲ್ಲಿ ಕಹಿಯಾದ ಶುಂಠಿಯ ಅಂಶ ಇಂತಿಷ್ಟು ಇರಲೇಬೇಕೆಂದು ವಿಧಿಸಿತ್ತು. ಇನ್ಸ್‌ಪೆಕ್ಟರುಗಳು ಸಾರವನ್ನು ಕುದಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಿದ್ದರು. ಬಾಸ್ಟನ್ನಿನ ಇಬ್ಬರು ವ್ಯಾಪಾರಿಗಳು ಶುಂಠಿ ತೆಗೆದು, ಕುದಿಸಿದರೂ ಆವಿಯಾಗದ, ರುಚಿಯಿಲ್ಲದ ಒಂದು ಕೈಗಾರಿಕಾ ದ್ರವವನ್ನು ಸೇರಿಸಿದರು. ತೂಕ ಸರಿಯಾಗಿ ಬಂತು, ಪರೀಕ್ಷೆ ಪಾಸಾಯಿತು. 1930ರಲ್ಲಿ ಸಾವಿರಾರು ಬಡವರು ಕಾಲೆಳೆಯುತ್ತಾ ಆಸ್ಪತ್ರೆಗೆ ಬಂದರು. ತೂಕದ ತಕ್ಕಡಿ ಸುಳ್ಳು ಹೇಳಿರಲಿಲ್ಲ. ಉಳಿದದ್ದು ಎಷ್ಟು ಎಂದು ಕೇಳಿದವರು, ಉಳಿದದ್ದು ಏನು ಎಂದು ಕೇಳಿರಲಿಲ್ಲ.

ಇದು ದೂರದ ಸಂಗತಿಯೆಂದು ತಿಳಿಯಬೇಕಾಗಿಲ್ಲ. 1988ರಲ್ಲಿ ಕಲ್ಕತ್ತದ ಬೆಹಾಲಾದಲ್ಲಿ ಇದೇ ವಿಷ ಬೆರೆತ ಎಣ್ಣೆ ತಿಂದು ನೂರಾರು ಜನ ಲಕ್ವಾ ಹೊಡೆದವರಂತಾದರು. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಅರ್ಜಿಮೋನ್ ಎಂದರೆ ನಮ್ಮ ಹೊಲದ ಬದುಗಳಲ್ಲೂ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡ, ಅದರ ಬೀಜ ಸಾಸಿವೆಯನ್ನೇ ಹೋಲುತ್ತದೆ. ನೈಟ್ರಿಕ್ ಆಮ್ಲ ಹಾಕಿದರೆ ಅದರ ಎಣ್ಣೆ ಕೆಂಪಿಗೆ ತಿರುಗುತ್ತದೆ. ದಿಲ್ಲಿಯ ಸಾವುಗಳಿಗೆ ಬಹಳ ಮೊದಲೇ ಈ ಪರೀಕ್ಷೆ ಗೊತ್ತಿತ್ತು.

ಒಂದು ವಿಷಯದಲ್ಲಿ ನಮ್ಮ ದೇಶ ಜಾಣತನ ತೋರಿದ್ದನ್ನೂ ಹೇಳಬೇಕು. ನಾವು ಡಾಲ್ಡಾ ಎಂದೇ ಕರೆದ ವನಸ್ಪತಿಯನ್ನು ತುಪ್ಪಕ್ಕೆ ಬೆರೆಸುವ ದಂಧೆ ಬೆಳೆದಾಗ, ವನಸ್ಪತಿಯಲ್ಲಿ ಶೇಕಡಾ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂಬ ನಿಯಮ ಬಂತು. ಎಳ್ಳೆಣ್ಣೆಗೆ ಒಂದು ಗುಣವಿದೆ. ಫರ್‌ಫ್ಯೂರಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಕುಲುಕಿದರೆ ಅದು ಗುಲಾಬಿ ಕೆಂಪಾಗುತ್ತದೆ. ಬೋದ್ವಾಂ ಪರೀಕ್ಷೆ ಎಂದು ಇದರ ಹೆಸರು. ತುಪ್ಪ ಕೆಂಪಾದರೆ ಅದರೊಳಗೆ ಡಾಲ್ಡಾ ಇದೆ ಎಂದರ್ಥ. ಮೋಸದ ವಸ್ತುವಿನೊಳಗೇ ಸಾಕ್ಷಿಯನ್ನು ಕೂರಿಸಿದ ಉಪಾಯ ಇದು. ಆದರೆ ಎಳ್ಳೆಣ್ಣೆ ಇಲ್ಲದ ತಾಳೆ ಎಣ್ಣೆಯನ್ನೋ ಪ್ರಾಣಿಯ ಕೊಬ್ಬನ್ನೋ ಬೆರೆಸಿದರೆ ಈ ಸಾಕ್ಷಿ ಬಾಯಿ ಬಿಡುವುದಿಲ್ಲ. ಆಗ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಂಥ ಯಂತ್ರವೇ ಬೇಕು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಈ ವಿಧಾನವನ್ನು ಪ್ರಕಟಿಸಿದಾಗ ಅವರು ಮೊದಲು ಬಿಡಿಸಿದ್ದೂ ಕೊಬ್ಬಿನಾಮ್ಲಗಳನ್ನೇ.

ದಿಲ್ಲಿಯ ದುರಂತದ ನಂತರ 1998ರಲ್ಲೇ ಕೇಂದ್ರ ಸರಕಾರ ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಹೊರಡಿಸಿತು. ಉದ್ದೇಶ ಒಳ್ಳೆಯದೇ. ಆದರೂ ದಿನದ ಕೂಲಿ ಕೈಗೆ ಬಂದ ಮೇಲೆ ಸಣ್ಣ ಸೀಸೆ ಹಿಡಿದು ಅಂಗಡಿಗೆ ಹೋಗುವ ತಾಯಿಗೆ ಬಿಡಿ ಎಣ್ಣೆಯೇ ಗತಿ. ಮೆಕ್ನೆಸ್‌ನಲ್ಲಿ ಕಪ್ಪು ಎಣ್ಣೆ ಕೊಂಡವರೂ ಅಂಥವರೇ. ಅವರ ಮೂಗು, ನಾಲಿಗೆಗಳಿಗಿಂತ ಹೆಚ್ಚಿನ ಪ್ರಯೋಗಾಲಯ ಅವರಿಗೆ ಎಂದೂ ಇರಲಿಲ್ಲ.

ಪ್ರವಾದಿ ಮುಹಮ್ಮದರು (ಸ) ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯ ಮುಂದೆ ನಿಂತ ಪ್ರಸಂಗ ಹದೀಸ್‌ನಲ್ಲಿದೆ. ರಾಶಿ ಮೇಲೆ ಒಣಗಿತ್ತು. ಅವರು ಒಳಗೆ ಕೈ ಹಾಕಿದರು, ಬೆರಳು ಒದ್ದೆಯಾಯಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದರು. ಮುಂದೆ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಮಾರುಕಟ್ಟೆಯ ಅಧಿಕಾರಿಯನ್ನು ನೇಮಿಸುವ ಪದ್ಧತಿ ಬೆಳೆಯಿತು. ಒಂದೊಂದು ಕಸುಬಿನ ಮೋಸವನ್ನೂ ವಿವರಿಸುವ ಕೈಪಿಡಿಗಳು ಬರೆಯಲ್ಪಟ್ಟವು. 12ನೇ ಶತಮಾನದ ಶೈಝರಿಯ ಗ್ರಂಥ ಅವುಗಳಲ್ಲಿ ಒಂದು.

ಸಾಬೂನು ಸಂಖ್ಯೆ, ಅಯೋಡಿನ್ ಸಂಖ್ಯೆ, ಕೆಂಪಾಗುವ ಆಮ್ಲ, ಇವೆಲ್ಲ ರಾಶಿಯೊಳಗೆ ಹೋದ ಆ ಕೈಯ ಮುಂದುವರಿಕೆಯೇ. ಇಂದು ಆ ಕೈಗೆ ಯಂತ್ರಗಳ ಬಲ ಬಂದಿದೆ. ಅದು ಸಂತೆಯ ಕೊನೆಯ ಅಂಗಡಿಯ, ಬಿಡಿ ಎಣ್ಣೆಯ ಡಬ್ಬಿಯವರೆಗೆ ಚಾಚುತ್ತಿದೆಯೇ ಎಂದು ನಾವು ಕೇಳುತ್ತಲೇ ಇರಬೇಕು.