ಬಾರ್ಕೂರಿನ ಅಳಿಯಕಟ್ಟು ಮತ್ತು ವೃದ್ಧರ ವೈಯಾವೃತ್ಯ

ಸೀತಾನದಿಯ ದಂಡೆಯ ಬಾರ್ಕೂರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ಅನಂತರ ವಿಜಯನಗರ ಸಾಮ್ರಾಜ್ಯದ ಬಾರಕೂರು ರಾಜ್ಯದ ಆಡಳಿತ ಕೇಂದ್ರ. ಶಾಸನಗಳು ಇದನ್ನು ಬಾರಕನ್ಯಾಪುರವೆಂದು ಕರೆದಿವೆ. ಅಂದಿನ ಜೈನ ವೈಭವದ ಕುರುಹಾಗಿ ಕತ್ತಲೆ ಬಸದಿಯ ಕಲ್ಲುಗಳು ಇಂದಿಗೂ ಉಳಿದಿವೆ. ಆದರೆ ಕರಾವಳಿಯ ಮನೆಮನೆಯ ಬದುಕನ್ನು ರೂಪಿಸಿದ್ದು ಈ ಊರಿನ ಕಲ್ಲಿನ ಕೆಲಸಕ್ಕಿಂತ ಹೆಚ್ಚಾಗಿ ಇದರ ಹೆಸರಿನೊಡನೆ ಹೆಣೆದುಕೊಂಡ ಒಂದು ಕಟ್ಟಳೆ. ಅದೇ ಅಳಿಯಸಂತಾನ. ಮನೆಯ ಹಿರಿಯರನ್ನು ನೋಡಿಕೊಳ್ಳಲು ಹೊರಗಿನವರನ್ನು ಹುಡುಕಬೇಕಾಗಿ ಬಂದಿರುವ ಇಂದು ಆ ಕಟ್ಟಳೆಯ ಇತಿಹಾಸವನ್ನು ಮತ್ತೊಮ್ಮೆ ಅವಲೋಕಿಸುವುದು ಉಚಿತವಾಗಿದೆ.

ಐತಿಹ್ಯವು ಸರ್ವವಿದಿತ. ದೇವಪಾಂಡ್ಯನೆಂಬ ಅರಸನು ಹಡಗುಗಳನ್ನು ಕಟ್ಟಿಸಿ ಸಮುದ್ರಕ್ಕಿಳಿಸಲು ಹೊರಟಾಗ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತು. ಅರಸನ ಮಡದಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಭೂತವು ಮೆಚ್ಚಿ ಅವನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನೆನಿಸಿ ಬಾರ್ಕೂರನ್ನು ಆಳಿದನು. ಆಸ್ತಿಯು ಮಗನಿಗಲ್ಲ, ಅಳಿಯನಿಗೆ ಸಲ್ಲತಕ್ಕದ್ದೆಂದು ವಿಧಿಸಿದನು. ಈ ಕಥೆಯನ್ನು ಇತಿಹಾಸಕಾರರು ಐತಿಹ್ಯವೆಂದೇ ಪರಿಗಣಿಸುತ್ತಾರೆ. ಬಲಿಯ ಪ್ರಸಂಗವು ಅಹಿಂಸಾಧರ್ಮಕ್ಕೆ ಒಪ್ಪತಕ್ಕದ್ದೂ ಅಲ್ಲ. ಆದರೂ ಶತಮಾನಗಳ ಕಾಲ ಜನರು ಅದನ್ನು ಹೇಳುತ್ತ ಬಂದುದಕ್ಕೆ ಒಂದು ಕಾರಣವಿರಬೇಕು. ಕಷ್ಟಕಾಲದಲ್ಲಿ ಭಾರ ಹೊತ್ತವರಿಗೇ ಹಕ್ಕು ಸೇರುತ್ತದೆ ಎಂಬುದು ಆ ಕಥೆಯ ತಿರುಳು.

ತುಳುನಾಡಿನ ಜೈನರಲ್ಲಿ ಇಂದ್ರರೆನಿಸಿದ ಪುರೋಹಿತ ವರ್ಗದವರನ್ನು ಬಿಟ್ಟರೆ ಉಳಿದವರು ಈ ಕಟ್ಟಳೆಯನ್ನೇ ಅನುಸರಿಸಿದರು. ಬಂಟರು, ಬಿಲ್ಲವರು, ಮೊಗವೀರರಲ್ಲಿಯೂ ಇದೇ ಪದ್ಧತಿಯಿತ್ತು. ತಾಯಿಯ ಕಡೆಯಿಂದ ಬೆಳೆದ ಕುಟುಂಬಕ್ಕೆ ಹಿರಿಯನೊಬ್ಬ ಯಜಮಾನ. ಹೆಂಗಸು ಹಿರಿಯಳಾದರೆ ಅವಳೇ ಯಜಮಾನ್ತಿ. ಆಸ್ತಿಯು ಯಾರೊಬ್ಬರದೂ ಅಲ್ಲ, ಕುಟುಂಬದ್ದು. ಪ್ರತಿಯೊಬ್ಬ ಸದಸ್ಯನಿಗೂ ಅದರಿಂದ ಜೀವನಾಂಶ ಪಡೆಯುವ ಹಕ್ಕು. ಮಕ್ಕಳಿಲ್ಲದ ಮಾವನೂ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಸೋದರಿಯೂ ಅಲ್ಲಿ ಅನ್ಯರಲ್ಲ. ವೃದ್ಧಾಪ್ಯದಲ್ಲಿ ಅವರ ಅನ್ನ, ಹಾಸಿಗೆ, ಸ್ನಾನದ ಬಿಸಿನೀರು ಯಾರ ದಯೆಯೂ ಆಗಿರದೆ ಆ ಮನೆಯಲ್ಲಿ ಹುಟ್ಟಿದ್ದರ ಹಕ್ಕಾಗಿತ್ತು.

ಹಾಗೆಂದು ಆ ಮನೆಯನ್ನು ಸ್ವರ್ಗವೆಂದು ಚಿತ್ರಿಸುವುದು ಸತ್ಯಕ್ಕೆ ದೂರ. ಶುಶ್ರೂಷೆಯ ಭಾರವೆಲ್ಲ ಬಹುಮಟ್ಟಿಗೆ ಹೆಂಗಸರ ಮೇಲೆ ಬೀಳುತ್ತಿತ್ತು. ಕುಟುಂಬದೊಳಗಿನ ವೈಮನಸ್ಯಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು. 1863ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಅಳಿಯಸಂತಾನ ಕುಟುಂಬದ ಒಬ್ಬ ಸದಸ್ಯನು ಇತರರ ಇಚ್ಛೆಗೆ ವಿರುದ್ಧವಾಗಿ ಪಾಲು ಕೇಳಲಾರನೆಂದು ತೀರ್ಪಿತ್ತಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲಿನ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸಿ, ಸದಸ್ಯನ ಪಾಲು ಅವನ ಮಡದಿ ಮಕ್ಕಳಿಗೆ ಸಲ್ಲುವಂತೆ ಮಾಡಿತು. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವರ ಕೈಸೇರಿತು. ಗೇಣಿದಾರನಿಗೆ ನ್ಯಾಯ ದೊರೆತದ್ದು ಸರಿಯೇ. ಆದರೆ ದೊಡ್ಡ ಮನೆಗಳ ಆಧಾರ ಕುಸಿಯಿತು. ತರುಣರು ಉದ್ಯೋಗಕ್ಕಾಗಿ ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ತೆರಳಿದರು. ಚಾವಡಿಯಲ್ಲಿ ಉಳಿದವರು ಮುದುಕರು ಮಾತ್ರ.

ಆ ಶೂನ್ಯವನ್ನು ತುಂಬಲು ಬಂದದ್ದೇ ಸಂಬಳದ ಆರೈಕೆ. ಕರಾವಳಿಯಲ್ಲಿ ಇವರನ್ನು ‘ಹೋಂ ನರ್ಸ್’ ಎನ್ನುವ ರೂಢಿಯಿದೆ. ಹೆಸರಿನಲ್ಲಿ ನರ್ಸ್ ಎಂದಿದ್ದರೂ ಅನೇಕರು ಶುಶ್ರೂಷಾ ಶಾಸ್ತ್ರವನ್ನು ಕಲಿತವರಲ್ಲ. ಸ್ನಾನ ಮಾಡಿಸುವುದು, ಉಣಿಸುವುದು, ಕೈಹಿಡಿದು ನಡೆಸುವುದು, ರಾತ್ರಿ ಬಳಿಯಲ್ಲಿ ಮಲಗುವುದು ಅವರ ಕೆಲಸ. ಚುಚ್ಚುಮದ್ದು, ಗಾಯದ ಚಿಕಿತ್ಸೆಗಳಿಗೆ ತರಬೇತಿ ಪಡೆದವರೇ ಬೇಕು. ಈ ಭೇದವನ್ನು ಮೊದಲೇ ತಿಳಿಯದೆ ನೇಮಿಸಿಕೊಂಡರೆ ರೋಗಿಗೂ ಕೆಲಸದವರಿಗೂ ಅನ್ಯಾಯ.

ಹಾಗಾದರೆ ಆರಿಸುವ ಬಗೆ ಹೇಗೆ? ಜೈನ ಪರಂಪರೆಯಲ್ಲಿ ಇದಕ್ಕೆ ದಾರಿಯುಂಟು. ತತ್ತ್ವಾರ್ಥಸೂತ್ರವು ವೈಯಾವೃತ್ಯವನ್ನು, ಅಂದರೆ ಸೇವೆಯನ್ನು, ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ರೋಗಪೀಡಿತನಾದ ಗ್ಲಾನನೂ ಒಬ್ಬ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಗೃಹಸ್ಥರ ಶಿಕ್ಷಾವ್ರತಗಳ ಸಾಲಿಗೆ ಸೇರಿಸಿದರು. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಶಿವಾರ್ಯರ ಭಗವತೀ ಆರಾಧನೆಯಲ್ಲಂತೂ ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳಿದೆ. ನಾಲ್ಕು ನಾಲ್ಕು ಮಂದಿಗೆ ಒಂದೊಂದು ಹೊಣೆ: ದೇಹವನ್ನು ಮೆಲ್ಲನೆ ಹೊರಳಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಆಹಾರ ತರುವವರು, ಪಾನೀಯ ತರುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು. ಅನುಕೂಲವಿಲ್ಲದ ಕಾಲದಲ್ಲಿ ಸಂಖ್ಯೆ ಕಡಿಮೆಯಾಗಬಹುದು, ಇಬ್ಬರಾದರೂ ಇರಲೇಬೇಕು. ಒಬ್ಬನೇ ಆದರೆ ಅವನು ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ. ಹೋಗದಿದ್ದರೆ ಸೇವಕನೇ ಬಳಲುತ್ತಾನೆ. ಇದು ಮುನಿಗಳಿಗೆ ಹೇಳಿದ ಮಾತಾದರೂ ಇದರ ವಿವೇಕವು ಗೃಹಸ್ಥರಿಗೂ ಸಲ್ಲುತ್ತದೆ.

ಆದುದರಿಂದ ಮೊದಲ ಪ್ರಶ್ನೆಯು ಸಂಬಳದ್ದಲ್ಲ, ಬದಲಿ ಯಾರೆಂಬುದು. ವಾರದ ರಜೆಯ ದಿನ ಯಾರು ಬರುತ್ತಾರೆ? ಹಗಲಿಡೀ ದುಡಿದವರು ರಾತ್ರಿಯೂ ಎಚ್ಚರವಿರಬೇಕೆ? ಕಳುಹಿಸುವ ಸಂಸ್ಥೆಯು ಅವರ ಗುರುತನ್ನು ಪೊಲೀಸರಲ್ಲಿ ಪರಿಶೀಲಿಸಿದೆಯೆ? ಕೊಡುವ ಹಣದಲ್ಲಿ ಕೆಲಸದವರ ಕೈಗೆ ಎಷ್ಟು ಸೇರುತ್ತದೆ? ಇವೆಲ್ಲ ಬರವಣಿಗೆಯಲ್ಲಿರಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿ ಕಾಯಿಸಿದ ನೀರು, ಗಡ್ಡೆಗೆಣಸುಗಳ ತ್ಯಾಗ ಮುಂತಾದ ಹಿರಿಯರ ನಿಯಮಗಳನ್ನು ಬರುವವರಿಗೆ ಮೊದಲೇ ವಿವರಿಸಬೇಕು. ಎಲ್ಲಕ್ಕೂ ಮಿಗಿಲಾಗಿ ಹಿರಿಯರ ಸಮ್ಮತಿ ಬೇಕು. ತಮ್ಮ ದೇಹವನ್ನು ಮುಟ್ಟುವವರು ಯಾರೆಂಬುದನ್ನು ನಿರ್ಧರಿಸುವ ಅಧಿಕಾರ ಒಂದು ಕಾಲದ ಯಜಮಾನ್ತಿಗೆ ಇರಬೇಡವೆ? ಪರದೇಶದ ಮಗನು ದೂರವಾಣಿಯಲ್ಲಿ ನಿಶ್ಚಯಿಸಿದ್ದನ್ನು ಅವಳು ತಲೆಬಾಗಿ ಒಪ್ಪಬೇಕೆಂಬುದು ಸೇವೆಯಲ್ಲ.

ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಇಲ್ಲಿ ಕನ್ನಡಿಯಂತಿವೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಬೀಳುತ್ತಾರೆಂಬ ನೆಪದಲ್ಲಿ ಮುದುಕರನ್ನು ಮಂಚಕ್ಕೆ ಬಿಗಿಯುವುದು ಬಂಧವಲ್ಲದೆ ಮತ್ತೇನು? ಪದೇ ಪದೇ ಎಬ್ಬಿಸಬೇಕಾದೀತೆಂದು ಸಂಜೆ ನೀರು ಕೊಡದಿರುವುದು ಅನ್ನಪಾನನಿರೋಧವೇ. ಹಾಗೆಯೇ ಒಬ್ಬ ಹೆಣ್ಣುಮಗಳಿಂದ ಮನೆಗೆಲಸ, ಅಡುಗೆ, ಹಗಲಿರುಳ ಶುಶ್ರೂಷೆಯನ್ನು ಒಟ್ಟಿಗೆ ಮಾಡಿಸುವುದು ಅತಿಭಾರಾರೋಪಣ. ಹಿರಿಯರ ಮೇಲಣ ಹಿಂಸೆಯನ್ನು ಖಂಡಿಸುವವರು ಸೇವಕರ ಮೇಲಣ ಹಿಂಸೆಗೆ ಕುರುಡಾಗಬಾರದು. ಬಳಲಿದ ಕೈ ಮೃದುವಾಗಿರಲಾರದು.

ಕಾನೂನೂ ಇಂದು ಹಳೆಯ ತತ್ತ್ವವನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ ಪ್ರಕಾರ ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಯನ್ನು ಪಡೆದಿರುವ ಅಥವಾ ಪಡೆಯಲಿರುವ ಬಂಧುವಿನಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ಕೈಬಿಟ್ಟರೆ, ನ್ಯಾಯಮಂಡಳಿಯು ರದ್ದುಪಡಿಸಬಹುದು. ದಾನಪತ್ರದಲ್ಲಿಯೇ ಆ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ವಿವೇಕ. ಬಾರ್ಕೂರಿನವರ ಅರ್ಜಿಯನ್ನು ಆಲಿಸತಕ್ಕವರು ಕುಂದಾಪುರದ ಉಪವಿಭಾಗಾಧಿಕಾರಿಗಳು. 14567 ಸಂಖ್ಯೆಯ ಹಿರಿಯರ ಸಹಾಯವಾಣಿಯೂ ಇದೆ.

ಅಳಿಯಕಟ್ಟಿನ ಮನೆ ಮರಳಿ ಬರಲಾರದು, ಬರಬೇಕೆಂದೂ ಇಲ್ಲ. ಆದರೆ ಹಕ್ಕು ಒಬ್ಬರದು, ಭಾರ ಮತ್ತೊಬ್ಬರದು ಎಂಬ ಸ್ಥಿತಿ ಬಾರ್ಕೂರಿನ ಕಥೆಗೆ ಒಪ್ಪುವಂಥದಲ್ಲ. ಕೆಲಸಕ್ಕೆ ಸಂಬಳ ಕೊಡಬಹುದು, ಹೊಣೆಯನ್ನು ಸಂಬಳಕ್ಕೆ ಕೊಡಲಾಗದು. ಆಸ್ತಿಯ ಪಾಲು ಪಡೆಯುವವರು ತಿಂಗಳಿಗೊಮ್ಮೆಯಾದರೂ ಬಂದು ಹಾಸಿಗೆಯ ಬಳಿ ಕುಳಿತು, ಬೆನ್ನಿನ ಚರ್ಮವನ್ನು ನೋಡಿ, ಊಟದ ರುಚಿಯನ್ನು ಕೇಳಿ, ಸೇವೆ ಮಾಡುವವರ ಕಷ್ಟವನ್ನೂ ವಿಚಾರಿಸಿದರೆ ಆ ಮನೆಯಲ್ಲಿ ವೈಯಾವೃತ್ಯವು ಇನ್ನೂ ಉಳಿದಿದೆಯೆಂದು ತಿಳಿಯಬಹುದು.