ಬಾವಲಿಯ ನೆನಪು ಅಳೆಯುವುದು ಹೇಗೆ?

ಬೆಳಗಾವಿಯಿಂದ ಖಾನಾಪುರ ದಾಟಿ ಭೀಮಗಡದ ಕಾಡಿಗೆ ಹೋದರೆ, ತಳೇವಾಡಿ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ಒಂದು ಬಾವಲಿಗೆ 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್, ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರಿಟ್ಟರು. ಮುಂದೆ 80 ವರ್ಷಕ್ಕೂ ಹೆಚ್ಚು ಕಾಲ ಜಗತ್ತಿಗೆ ಗೊತ್ತಿದ್ದ ಅದರ ವಿಳಾಸ ಇದೊಂದೇ! ಆಮೇಲೆ ಕಾಂಬೋಡಿಯಾ, ಮೇಘಾಲಯದಲ್ಲೂ ಕಂಡಿತು.

ರಾತ್ರಿಯೆಲ್ಲ ಹಾರಾಡಿದ ಬಾವಲಿ ಬೆಳಗಾಗುವಷ್ಟರಲ್ಲಿ ಗುಹೆಗೆ ವಾಪಸ್. ದಾರಿ ನೆನಪಿರುತ್ತೆ ಬಿಡಿ ಅಂತೀವಿ. ಆದರೆ ನೆನಪಿನಿಂದಲೇ ಬಂತು ಅಂತ ತೋರಿಸೋದು ಹೇಗೆ? ಕಣ್ಣಿದೆ, ಕಿವಿಯಿದೆ, ಮೂಗಿದೆ. ಅದನ್ನೇ ಕೇಳೋಣವೆಂದರೆ ಮಾತು ಬಾರದು.

1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿ ಬಾವಲಿಗಳ ಕಣ್ಣು ತೆಗೆದು ಬಿಟ್ಟ. ಕ್ರೂರ ಪ್ರಯೋಗವೇ. ಅವು ಪಾವಿಯಾ ಚರ್ಚಿನ ಗಂಟೆಗೋಪುರಕ್ಕೆ ಹೊಟ್ಟೆ ತುಂಬ ಹುಳ ತಿಂದು ಮರಳಿದ್ದವು. ಕಿವಿ ಮುಚ್ಚಿದರೆ ಮಾತ್ರ ಡಿಕ್ಕಿ ಹೊಡೆಯುತ್ತಿದ್ದವು. ಅದೇಕೆಂದು ತಿಳಿಯಲು 1938 ಬರಬೇಕಾಯಿತು. ನಮಗೆ ಕೇಳಿಸದ ಬಾವಲಿಯ ಕೂಗನ್ನು ಅಮೆರಿಕದ ಗ್ರಿಫಿನ್ ಯಂತ್ರದಲ್ಲಿ ಹಿಡಿದರು.

ಹಾಗಾದರೆ ಎಲ್ಲಾ ಪ್ರತಿಧ್ವನಿಯೇ, ನೆನಪು ಸುಳ್ಳೇ? ಅಲ್ಲ. ಪರಿಚಿತ ಕೋಣೆಯಲ್ಲಿ ಹೊಸದಾಗಿ ಏನಾದರೂ ಅಡ್ಡ ಇಟ್ಟರೆ, ಕೂಗುತ್ತಲೇ ಬಂದ ಬಾವಲಿ ಹೋಗಿ ಅದಕ್ಕೇ ಗುದ್ದುತ್ತಿತ್ತು! ಹಳೇ ದಾರಿಯ ನೆನಪಿನಲ್ಲೇ ಹಾರುತ್ತಿತ್ತು ಅನ್ನಿ. ನೆನಪು ಇದೆ ಅಂತ ಗೊತ್ತಾಗಿದ್ದು, ಅದು ಕೈಕೊಟ್ಟಾಗ.

ನೆನಪು ಎಷ್ಟು ದಿನ ಉಳಿಯುತ್ತೆ ಅನ್ನೋದು ಇನ್ನೂ ಕಷ್ಟದ ಪ್ರಶ್ನೆ. 2022ರಲ್ಲಿ ಪ್ರಕಟವಾದ ಪನಾಮಾದ ಅಧ್ಯಯನ ನೋಡಿ. ಕಪ್ಪೆ ತಿನ್ನುವ 49 ಬಾವಲಿಗಳಿಗೆ ರಿಂಗ್‌ಟೋನ್ ಕೇಳಿದರೆ ಊಟ ಅಂತ ಕಲಿಸಿ, ಮೈಯೊಳಗೆ ಚಿಪ್ ಇಟ್ಟು ಕಾಡಿಗೆ ಬಿಟ್ಟರು. ಒಂದರಿಂದ ನಾಲ್ಕು ವರ್ಷದ ನಂತರ ಮತ್ತೆ ಸಿಕ್ಕಿದ್ದು ಬರೀ 8. ಎಂಟೂ ಆ ಸದ್ದಿನತ್ತ ಹಾರಿದವು. ಏನೂ ಕಲಿಯದ ಬಾವಲಿಗಳಿಗೂ ಅದನ್ನೇ ಕೇಳಿಸಿದರು. ಹೆಚ್ಚಿನವು ಕಿವಿ ಅಲ್ಲಾಡಿಸಿ ಸುಮ್ಮನಾದವು. ಈ ಹೋಲಿಕೆ ಇಲ್ಲದಿದ್ದರೆ ಅದು ನೆನಪೋ, ಬರೀ ಕುತೂಹಲವೋ ಹೇಳಲಾಗುತ್ತಿರಲಿಲ್ಲ. ಉಳಿದ 41 ಮರೆತವೋ, ಸತ್ತವೋ, ಬೇರೆ ಕಡೆ ಹೋದವೋ?

ಇದನ್ನೇ ಬಾರಾಪೇಡೆಯಲ್ಲಿ ಮಾಡೋಣವೇ? ಹಿಡಿಯಬೇಕು, ಪಂಜರದಲ್ಲಿಟ್ಟು ಕಲಿಸಬೇಕು, ಬಿಟ್ಟು ಮತ್ತೆ ಹಿಡಿಯಬೇಕು. ಸಿಕ್ಕಾಪಟ್ಟೆ ಕಾಟ ಕೊಟ್ಟರೆ ಬಾವಲಿಗಳು ಗುಹೆಯನ್ನೇ ಬಿಟ್ಟು ಹೋಗುತ್ತವೆ. 2011ರಲ್ಲಿ ಭೀಮಗಡವನ್ನು ಅಭಯಾರಣ್ಯ ಮಾಡಿದ್ದು ಇಂಥ ಜೀವಿಗಳು ಉಳಿಯಲಿ ಅಂತಲೇ ಅಲ್ಲವೇ?

ನನ್ನ ಕೇಳಿದರೆ, ಅದಕ್ಕೆ ಗುಹೆ ನೆನಪಿದೆಯೋ ಇಲ್ಲವೋ ತಿಳಿಯುವುದು ತಡವಾದರೂ ಪರವಾಗಿಲ್ಲ. ಮರಳಿ ಬರಲು ಗುಹೆ ಇರಲಿ.